ನೊಂದವರ ಬಳಿ ಕೂರುವುದು

(ಶ್ರಾವಣ ಮಾಸದ ಪ್ರವಚನ ಮಾಲೆಯಲ್ಲಿ ಪೂಜ್ಯ ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ಕಳೆದ ಮೂರು ದಿವಸಗಳಿಂದ ದಾಸೋಹ ತತ್ತ್ವವನ್ನು ಕುರಿತು ಚಿಂತನ ಮಾಡುತ್ತ ಬಂದಿದ್ದೇವೆ. ನಿನ್ನೆ ಪ್ರವಚನ ಮುಗಿದ ತರುವಾಯ ಕೆಲವು ತರುಣರು ಬಂದು ನಮ್ಮನ್ನು ಒಂದು ಮಾತು ಕೇಳಿದರು: "ಅಪ್ಪಾರ, ಹೊಳಿ ಬಂದಾಗ ಮಂದಿ ಮಠಕ್ಕ ಬರ್ತಾರ. ಅನ್ನ ನೀಡೂದು ನಮಗ ಗೊತ್ತೈತಿ. ಆದರ ಅಳಾಕತ್ತವರ ಮುಂದ ಏನ್ ಮಾತಾಡಬೇಕು ಅನ್ನೂದು ಗೊತ್ತಿಲ್ಲ." ಈ ಪ್ರಶ್ನೆ ಚಿಕ್ಕದಲ್ಲ. ಇಂದಿನ ಪ್ರವಚನವನ್ನು ಇದೊಂದಕ್ಕೇ ಮೀಸಲಿಡೋಣ.

ಮಲಪ್ರಭೆ, ಘಟಪ್ರಭೆ, ಕೃಷ್ಣೆಯರ ಮಡಿಲಲ್ಲಿ ಬದುಕುವವರು ನಾವು. ನದಿ ಕೊಟ್ಟ ಅನ್ನವನ್ನು ಉಂಡಿದ್ದೇವೆ. ನದಿ ಒಯ್ದ ಮನೆಗಳನ್ನೂ ಕಂಡಿದ್ದೇವೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ಆ ಕೆಲವು ದಿವಸಗಳಲ್ಲಿ, ಬರಗಾಲಕ್ಕೆ ಹೆಸರಾದ ನಮ್ಮ ಉತ್ತರದ ಜಿಲ್ಲೆಗಳಲ್ಲಿಯೇ ಆಕಾಶ ಹರಿದು ಬಿದ್ದಂತೆ ಮಳೆ ಸುರಿಯಿತು. ಮಣ್ಣಿನ ಮನೆಗಳು ನೆನೆದು ಕುಸಿದವು. ಇನ್ನೂರಕ್ಕೂ ಹೆಚ್ಚು ಜೀವಗಳು ಹೋದವು. 2019ರ ಆಗಸ್ಟಿನಲ್ಲಿ ಸಹ್ಯಾದ್ರಿಯಲ್ಲಿ ಬಿದ್ದ ಮಳೆಗೆ ಕೊಯ್ನಾ, ಹಿಡಕಲ್ಲು, ನವಿಲುತೀರ್ಥದ ಜಲಾಶಯಗಳಿಂದ ನೀರು ಬಿಡಬೇಕಾಯಿತು. ಬೆಳಗಾವಿ, ಬಾಗಲಕೋಟೆ, ಗದಗ ಜಿಲ್ಲೆಗಳ ಹೊಳೆದಂಡೆಯ ಊರುಗಳು ನೀರಿನಲ್ಲಿ ನಿಂತವು. ಇನ್ನೂ ಹಿಂದಕ್ಕೆ ಹೋದರೆ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಗಡಿಗೆ ಹೊಂದಿಕೊಂಡ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಗಣಪತಿಯನ್ನು ಕಳಿಸಿ ಬಂದು ಮಲಗಿದ ಸಾವಿರಾರು ಜನ ಏಳಲೇ ಇಲ್ಲ.

ಇಂಥ ಹೊತ್ತಿನಲ್ಲಿ ಮಠದ ಒಲೆ ಆರುವುದಿಲ್ಲ. ಕೊಪ್ಪರಿಗೆ ಏರುತ್ತದೆ, ರೊಟ್ಟಿ ಬುಟ್ಟಿಗಳು ಊರೂರುಗಳಿಂದ ಬರುತ್ತವೆ. ಹೊಟ್ಟೆಯ ಹಸಿವಿಗೆ ದಾಸೋಹ ಮಾಡುವುದರಲ್ಲಿ ನಮ್ಮ ಭಕ್ತರಿಗೆ ಯಾರೂ ಕಲಿಸಬೇಕಾದುದಿಲ್ಲ. ಆದರೆ ತಟ್ಟೆಯ ಮುಂದೆ ಕುಳಿತ ಮನುಷ್ಯ ಉಣ್ಣದೆ ಗೋಡೆಯನ್ನೇ ನೋಡುತ್ತಿದ್ದಾನೆ. ಅವನಿಗೆ ಏನು ನೀಡಬೇಕು? ಅಲ್ಲಿ ನಮ್ಮ ಕೈ ನಿಂತುಬಿಡುತ್ತದೆ, ನಾಲಿಗೆ ಓಡತೊಡಗುತ್ತದೆ. "ಹಣೆಬರಹ, ಏನು ಮಾಡುವುದು!" ಎನ್ನುತ್ತೇವೆ. "ಅಳಬೇಡ, ಗಂಡಸು ಅಳಬಾರದು" ಎನ್ನುತ್ತೇವೆ. "ನಿಮ್ಮದು ಮನೆ ಮಾತ್ರ ಹೋಯಿತು, ಆಚೆ ಓಣಿಯಲ್ಲಿ ಮಗನೇ ಹೋದ" ಎಂದು ಒಬ್ಬರ ದುಃಖವನ್ನು ಇನ್ನೊಬ್ಬರ ದುಃಖದ ಜೊತೆ ತಕ್ಕಡಿಯಲ್ಲಿ ತೂಗುತ್ತೇವೆ. ಈ ಮಾತುಗಳಲ್ಲಿ ಕೆಟ್ಟ ಮನಸ್ಸಿಲ್ಲ. ಆದರೆ ವಿಚಾರ ಮಾಡಿ ನೋಡಿರಿ: ಇವು ಯಾರ ಸಂಕಟವನ್ನು ಕಳೆಯುತ್ತವೆ? ಅಳುವವನದಲ್ಲ, ಆ ಅಳುವನ್ನು ನೋಡಲಾರದ ನಮ್ಮದು. ಅವನು ಸುಮ್ಮನಾದರೆ ನಮಗೆ ಹಗುರ. ಆದ್ದರಿಂದ ಅವನನ್ನು ಸುಮ್ಮನಾಗಿಸುತ್ತೇವೆ, ಅದಕ್ಕೆ ಸಮಾಧಾನವೆಂದು ಹೆಸರಿಡುತ್ತೇವೆ.

ಸಂಸ್ಕೃತದಲ್ಲಿ ದುಃಖದಿಂದ ಕುಗ್ಗುವುದಕ್ಕೆ 'ವಿಷಾದ' ಎಂಬ ಶಬ್ದವಿದೆ. ಅದರ ಮೂಲದಲ್ಲಿರುವುದು 'ಸದ್' ಎಂಬ ಧಾತು. ಕುಳಿತುಬಿಡುವುದು, ಕುಸಿಯುವುದು ಎಂದು ಅದರ ಅರ್ಥ. ವಿಷಾದಕ್ಕೊಳಗಾದವನು ಕುಸಿದು ಕುಳಿತವನು. 'ಉಪನಿಷತ್' ಎಂಬ ಶಬ್ದವನ್ನೂ ನೀವು ಕೇಳಿದ್ದೀರಿ. ಅದರ ಒಳಗಿರುವುದೂ ಇದೇ ಧಾತು. ಉಪ ಎಂದರೆ ಸಮೀಪ. ಸಮೀಪದಲ್ಲಿ ಕೂರುವುದು ಉಪನಿಷತ್. ಒಬ್ಬ ಕುಸಿದು ಕುಳಿತಿದ್ದಾನೆ. ಇನ್ನೊಬ್ಬ ಅವನ ಬಳಿ ಹೋಗಿ ಕೂರುತ್ತಾನೆ. ನಾವು ಇಂದು ಹೇಳಬೇಕಾದುದೆಲ್ಲ ಇಷ್ಟರಲ್ಲಿಯೇ ಇದೆ. ಕುಸಿದವನ ತಲೆಯ ಮೇಲೆ ನಿಂತು ಉಪದೇಶ ಮಾಡಬೇಡಿರಿ. ಮೊದಲು ಅವನ ಮಟ್ಟಕ್ಕೆ ಇಳಿದು ಕೂರಿರಿ.

ಭಗವದ್ಗೀತೆಯನ್ನು ತೆರೆದು ನೋಡಿರಿ. ಮೊದಲನೆಯ ಅಧ್ಯಾಯದ ಹೆಸರು ಅರ್ಜುನ ವಿಷಾದ ಯೋಗ. ಬಿಲ್ಲನ್ನು ಬಿಟ್ಟು ರಥದಲ್ಲಿ ಕುಸಿದ ಅರ್ಜುನ ತನ್ನ ಸಂಕಟವನ್ನೆಲ್ಲ ತೋಡಿಕೊಳ್ಳುತ್ತಾನೆ: ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ನಿಲ್ಲಲು ಆಗುತ್ತಿಲ್ಲ ಎನ್ನುತ್ತಾನೆ. ಅಷ್ಟು ಹೊತ್ತು ಕೃಷ್ಣನು ನಡುವೆ ಬಾಯಿ ಹಾಕುವುದಿಲ್ಲ. ಎರಡನೆಯ ಅಧ್ಯಾಯದ ಆರಂಭದಲ್ಲಿ ಒಮ್ಮೆ ಗದರಿಸುತ್ತಾನೆ. ಆ ಗದರಿಕೆಗೆ ಅರ್ಜುನ ಎದ್ದನೆ? ಏಳಲಿಲ್ಲ. ತಾನೇ ಶರಣಾಗಿ, ನಾನು ನಿನ್ನ ಶಿಷ್ಯ, ನನಗೆ ದಾರಿ ತೋರು ಎಂದು ಬೇಡಿಕೊಂಡ ಮೇಲೆಯೇ ತತ್ತ್ವೋಪದೇಶ ಪ್ರಾರಂಭವಾಯಿತು. ಬೇಡದವನಿಗೆ ಬಡಿಸಿದ ಅನ್ನ ತಟ್ಟೆಯಲ್ಲಿ ಉಳಿಯುತ್ತದೆ. ಕೇಳದವನಿಗೆ ಮಾಡಿದ ಉಪದೇಶ ಎದೆಯ ಮೇಲೆ ಕಲ್ಲಾಗುತ್ತದೆ.

ಇನ್ನೊಂದು ಶಬ್ದವನ್ನು ಗಮನಿಸಿರಿ. 'ಆಶ್ವಾಸನೆ' ಎನ್ನುತ್ತೇವೆ. ಇಂದು ಆ ಶಬ್ದಕ್ಕೆ ಬೆಲೆ ಇಳಿದಿದೆ. ಚುನಾವಣೆಯಲ್ಲಿ ಕೊಟ್ಟು ಮರೆಯುವ ಮಾತಿಗೆ ಆಶ್ವಾಸನೆ ಎನ್ನುವಂತಾಗಿದೆ. ಮೂಲದಲ್ಲಿ ಅದು 'ಶ್ವಸ್' ಧಾತುವಿನಿಂದ ಬಂದದ್ದು. ಶ್ವಾಸವೆಂದರೆ ಉಸಿರು. ಆಶ್ವಾಸನೆಯೆಂದರೆ ಉಸಿರು ಕಟ್ಟಿದವನು ಮತ್ತೆ ಉಸಿರಾಡುವಂತೆ ಮಾಡುವುದು. ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ವಿಶ್ವರೂಪವನ್ನು ಕಂಡು ಅರ್ಜುನ ಭಯದಿಂದ ತತ್ತರಿಸಿದಾಗ ಕೃಷ್ಣನು ಮತ್ತೆ ತನ್ನ ಸೌಮ್ಯರೂಪವನ್ನು ತೋರಿಸಿ ಅವನನ್ನು ಸಂತೈಸಿದನೆಂದು ಬರುತ್ತದೆ. ಅಲ್ಲಿ ಬಳಸಿದ ಕ್ರಿಯಾಪದ ಇದೇ ಶ್ವಸ್ ಧಾತುವಿನದು. ಹೆದರಿದವನಿಗೆ ಮೊದಲು ಬೇಕಾದುದು ಪರಿಚಯದ, ಸೌಮ್ಯವಾದ ಒಂದು ಮುಖ.

ಇದು ಬರಿಯ ಶಬ್ದಚಮತ್ಕಾರವಲ್ಲ, ದೇಹಧರ್ಮವೂ ಹೌದು. ಭಯವಾದಾಗ ಎದೆ ಡವಗುಟ್ಟುತ್ತದೆ, ಉಸಿರು ಮೇಲುಮೇಲಕ್ಕೆ ಆಡುತ್ತದೆ, ಕೈಕಾಲು ನಡುಗುತ್ತವೆ. ಓಡಿ ಪಾರಾಗಲಿ ಎಂದು ದೇಹವೇ ಮಾಡಿಕೊಂಡ ಸಿದ್ಧತೆ ಅದು. ಅಪಾಯ ದಾಟಿದರೂ ದೇಹಕ್ಕೆ ಅದು ಬೇಗ ತಿಳಿಯುವುದಿಲ್ಲ. ಅಂಥವರ ಕಿವಿಯಲ್ಲಿ ಎಷ್ಟು ವೇದಾಂತ ಸುರಿದರೂ ಒಳಗೆ ಇಳಿಯುವುದಿಲ್ಲ. ಬಳಿ ಕುಳಿತು ಮೆಲುದನಿಯಲ್ಲಿ ನಿಮ್ಮ ಹೆಸರು ಹೇಳಿರಿ, ಅವರ ಹೆಸರು ಕೇಳಿರಿ. ಇದು ಯಾವ ಜಾಗ, ಇಲ್ಲಿಗೆ ನೀರು ಬರುವುದಿಲ್ಲ ಎಂಬುದು ನಿಜವಾಗಿದ್ದರೆ ಅದನ್ನು ತಿಳಿಸಿರಿ. ಪಾದಗಳನ್ನು ನೆಲಕ್ಕೆ ಊರಿ ಕೂರಲು ಹೇಳಿರಿ. ನೀವೇ ನಿಧಾನವಾಗಿ ಉಸಿರಾಡಿರಿ: ಪೂರಕಕ್ಕಿಂತ ರೇಚಕ ದೀರ್ಘವಾಗಿರಲಿ, ಅಂದರೆ ತೆಗೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡಬೇಕು. ಉಸಿರು ಹೊರಗೆ ಹೋಗುವಾಗ ಹೃದಯದ ಬಡಿತ ಇಳಿಯುತ್ತದೆ. ನಿಮ್ಮನ್ನು ನೋಡಿ ಅವರೂ ಹಾಗೆಯೇ ಮಾಡಿಯಾರು. ಬೇಡವೆಂದರೆ ಬಿಟ್ಟುಬಿಡಿರಿ, ಒಂದು ಲೋಟ ನೀರು, ಒಂದು ಒಣಬಟ್ಟೆ ಸಾಕು.

ವಿಶ್ವ ಆರೋಗ್ಯ ಸಂಸ್ಥೆಯು ಬೇರೆ ಎರಡು ಸಂಸ್ಥೆಗಳ ಜೊತೆಗೂಡಿ 2011ರಲ್ಲಿ ಇದಕ್ಕಾಗಿಯೇ ಒಂದು ಕೈಪಿಡಿಯನ್ನು ಹೊರತಂದಿತು. ಮಾನಸಿಕ ಪ್ರಥಮ ಚಿಕಿತ್ಸೆ ಎಂದು ಅದರ ವಿಷಯ. ಇದನ್ನು ಮಾಡಲು ವೈದ್ಯರೇ ಆಗಬೇಕಿಲ್ಲವೆಂದು ಅದು ಹೇಳುತ್ತದೆ. ಅದರ ಸಾರ ಮೂರು ಮಾತು: ನೋಡು, ಕೇಳು, ಜೋಡಿಸು. ನಮ್ಮ ತರುಣರು ಈ ಮೂರನ್ನು ಬಾಯಿಪಾಠ ಮಾಡಿಕೊಳ್ಳಬೇಕು.

ನೋಡು ಎಂದರೆ ನುಗ್ಗುವ ಮೊದಲು ನಿಂತು ನೋಡುವುದು. ಜಾಗ ಸುರಕ್ಷಿತವೆ? ಯಾರಿಗೆ ಗಾಯವಾಗಿದೆ? ಬಸುರಿ, ಬಾಣಂತಿಯರು ಎಲ್ಲಿದ್ದಾರೆ? ಯಾವ ಮಗುವಿನ ಜೊತೆಗೆ ದೊಡ್ಡವರಿಲ್ಲ? ನಿತ್ಯ ಗುಳಿಗೆ ತೆಗೆದುಕೊಳ್ಳುವ ಮುದುಕರ ಔಷಧ ನೀರು ಪಾಲಾಗಿದೆಯೆ? ಗಂಜಿ ಕೇಂದ್ರದಲ್ಲಿ ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಮರೆ ಇದೆಯೆ? ದೊಡ್ಡ ದನಿಯಲ್ಲಿ ಅಳುವವರ ಕಡೆಗೆ ಎಲ್ಲರೂ ಓಡುತ್ತಾರೆ. ಮೂಲೆಯಲ್ಲಿ ಮಾತಿಲ್ಲದೆ, ಕಣ್ಣೀರಿಲ್ಲದೆ ಕುಳಿತವರನ್ನು ನೀವು ನೋಡಿರಿ. ಇನ್ನೊಂದು ಮಾತು: ಅವರ ದುಃಖವನ್ನು ಮೊಬೈಲಿನಲ್ಲಿ ಚಿತ್ರ ಹಿಡಿಯಬೇಡಿರಿ. ಕೊಟ್ಟ ಚಾದರಕ್ಕೆ ಫೋಟೊ ಬೇಡುವವನು ದಾಸೋಹಿಯಲ್ಲ, ವ್ಯಾಪಾರಿ.

ಕೇಳು ಎಂದರೆ ಕಿವಿ ಕೊಡುವುದು, ಕೆದಕುವುದಲ್ಲ. 2019ರಲ್ಲಿ ಒಂದು ಗಂಜಿ ಕೇಂದ್ರದಲ್ಲಿ ಒಬ್ಬ ಮುದುಕಿ ಎರಡು ದಿವಸ ಏನನ್ನೂ ಮುಟ್ಟಲಿಲ್ಲ. ಒಂದೇ ಮಾತು ಆಡುತ್ತಿದ್ದಳು: "ಎಮ್ಮಿ ಹಗ್ಗ ಬಿಚ್ಚಿದ್ನೋ ಇಲ್ಲೋ, ನೆನಪಿಲ್ಲೋ ತಮ್ಮಾ." ಎಲ್ಲರೂ ಹೇಳಿದ್ದು ಒಂದೇ: "ಎಮ್ಮಿ ಹೋದ್ರ ಹೋಗ್ಲಿ ಬಿಡ ಆಯಿ, ನಿನ್ನ ಜೀವ ಉಳೀತಲ್ಲ." ಒಬ್ಬ ಹುಡುಗ ಮಾತ್ರ ಬಳಿ ಕುಳಿತು, "ಎಂಥಾ ಎಮ್ಮಿ ಆಯಿ ಅದು?" ಎಂದು ಕೇಳಿದ. ಮುದುಕಿ ಅದು ಕರುವಾಗಿದ್ದಾಗಿನಿಂದ ಹೇಳತೊಡಗಿದಳು. ಗಂಡ ಸತ್ತ ವರ್ಷ ಅದು ಹುಟ್ಟಿದ್ದು, ಅದರ ಹಾಲು ಮಾರಿ ಮಗಳ ಲಗ್ನ ಮಾಡಿದ್ದು. ಹೇಳಿ ಹೇಳಿ ಅತ್ತಳು. ಅತ್ತಾದ ಮೇಲೆ ಅರ್ಧ ಕಪ್ಪು ಚಹಾ ಕುಡಿದಳು. ಹುಡುಗ ಎಮ್ಮೆಯನ್ನು ತಂದುಕೊಡಲಿಲ್ಲ. ಹಗ್ಗ ಬಿಚ್ಚಿದ್ದೆ ಬಿಡು ಎಂದು ಸುಳ್ಳನ್ನೂ ಹೇಳಲಿಲ್ಲ. ಅವಳಿಗೆ ಹೋದದ್ದು ಏನು ಎಂಬುದನ್ನು ಒಬ್ಬ ಮನುಷ್ಯ ತಿಳಿದುಕೊಂಡ, ಅಷ್ಟೆ. ಆದರೆ ಇದನ್ನೂ ನೆನಪಿಡಿರಿ: ಎಲ್ಲರೂ ಹೀಗೆ ಹೇಳಲೇಬೇಕೆಂದಿಲ್ಲ. "ಏನಾಯ್ತು, ಹೇಗಾಯ್ತು, ಹೆಣ ಎಲ್ಲಿ ಸಿಕ್ಕಿತು" ಎಂದು ಒತ್ತಾಯ ಮಾಡಿ ಹೇಳಿಸಬಾರದು. ಹಾಗೆ ಹೇಳಿಸುವುದರಿಂದ ಒಳಿತಾಗುವುದಿಲ್ಲವೆಂದು ಮನೋವೈದ್ಯರೂ ಕಂಡುಕೊಂಡಿದ್ದಾರೆ. ಮಾತನಾಡಿದರೆ ಕೇಳಿರಿ, ಮೌನವಾಗಿದ್ದರೆ ಆ ಮೌನದ ಜೊತೆಗೆ ಕೂರಿರಿ.

ಜೋಡಿಸು ಎಂದರೆ ಕಡಿದುಹೋದದ್ದನ್ನು ಕೂಡಿಸುವುದು. ಮಗನ ಫೋನು ನಂಬರು ನೆನಪಿಲ್ಲದ ತಾಯಿಗೆ ಮಗನ ದನಿ ಕೇಳಿಸಿದರೆ ಅದಕ್ಕಿಂತ ದೊಡ್ಡ ಔಷಧವಿಲ್ಲ. ಒಂದೇ ಓಣಿಯವರನ್ನು ಒಂದೇ ಕಡೆ ಇರಿಸಿರಿ. ಕುಟುಂಬವನ್ನು ಒಡೆಯಬೇಡಿರಿ. ಮನೆ ಬಿದ್ದದ್ದರ ಪಂಚನಾಮೆ ಯಾರು ಮಾಡುತ್ತಾರೆ, ಉತಾರ, ಪಾಸ್‌ಬುಕ್ಕು, ಆಧಾರ್ ಕಾರ್ಡು ಹೋಗಿದ್ದರೆ ಎಲ್ಲಿ ಕೇಳಬೇಕು, ಇದನ್ನು ವಿಚಾರಿಸಿ ಸರಿಯಾಗಿ ತಿಳಿಸಿರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ಕೇಳಿ ಬರುತ್ತೇನೆ ಎನ್ನಿರಿ. ಹೇಳಿದ ಹೊತ್ತಿಗೆ ತಿರುಗಿ ಬನ್ನಿರಿ. ಎಲ್ಲವೂ ಸರಿಹೋಗುತ್ತದೆ ಎಂಬ ದೊಡ್ಡ ಮಾತಿಗಿಂತ, ಸಂಜೆ ಐದಕ್ಕೆ ಬರುತ್ತೇನೆ ಎಂದು ಹೇಳಿ ಐದಕ್ಕೆ ಬಂದವನ ಮಾತು ದೊಡ್ಡದು. ಸಣ್ಣ ಮಾತು ಉಳಿದಾಗಲೇ ನೊಂದವರಿಗೆ ಲೋಕದ ಮೇಲೆ ಮತ್ತೆ ನಂಬಿಕೆ ಹುಟ್ಟುತ್ತದೆ.

ಮಕ್ಕಳ ವಿಷಯದಲ್ಲಿ ಎರಡು ಮಾತು. ಮಕ್ಕಳು ಮಣ್ಣಿನಲ್ಲಿ ಮನೆ ಕಟ್ಟಿ ನೀರು ಸುರಿದು ಕೆಡವುವ ಆಟ ಆಡಿದರೆ ಅಪಶಕುನವೆಂದು ಹೊಡೆಯಬೇಡಿರಿ. ನಾವು ಮಾತಿನಲ್ಲಿ ಹೇಳಿಕೊಳ್ಳುವುದನ್ನು ಅವರು ಆಟದಲ್ಲಿ ಹೇಳಿಕೊಳ್ಳುತ್ತಾರೆ. ತೀರಿಹೋದ ತಂದೆಯನ್ನು ಊರಿಗೆ ಹೋಗಿದ್ದಾನೆ, ಬರುತ್ತಾನೆ ಎನ್ನಬೇಡಿರಿ. ಮಗು ಬಾಗಿಲು ಕಾಯುತ್ತದೆ. ತನ್ನವರ ಮಡಿಲಲ್ಲಿ ಕೂರಿಸಿಕೊಂಡು, ತಿಳಿಯುವ ಮಾತಿನಲ್ಲಿ ನಿಜವನ್ನೇ ಹೇಳಿರಿ.

ಇನ್ನು ನಮ್ಮಂಥ ಕಾವಿಯವರಿಗೂ ಪ್ರವಚನಕಾರರಿಗೂ ಅನ್ವಯಿಸುವ ಮಾತಿಗೆ ಬರೋಣ. ಮಗುವನ್ನು ಕಳೆದುಕೊಂಡ ತಾಯಿ ಮಠಕ್ಕೆ ಬಂದು, "ಅಪ್ಪಾ, ಶಿವ ಎಲ್ಲಿದ್ದ? ಅವನಿಗೆ ಕಣ್ಣಿರಲಿಲ್ಲೇನು?" ಎಂದು ಕೇಳುತ್ತಾಳೆ. ಶಾಸ್ತ್ರ ಓದಿದವನ ಬಾಯಿಗೆ ಥಟ್ಟನೆ ಬರುವ ಉತ್ತರ ಒಂದಿದೆ: ಪೂರ್ವಜನ್ಮದ ಕರ್ಮ. ಈ ಉತ್ತರವನ್ನು ಆ ಹೊತ್ತಿನಲ್ಲಿ ಯಾರೂ ಕೊಡಕೂಡದು. ಕರ್ಮದ ವಿಚಾರ ಒಬ್ಬನು ತನ್ನ ಬದುಕನ್ನು ತಾನು ತಿದ್ದಿಕೊಳ್ಳಲು ಹಿಡಿಯಬೇಕಾದ ಕನ್ನಡಿ. ಪರರ ಬೆನ್ನಿಗೆ ಬಾರಿಸುವ ಬಡಿಗೆಯಲ್ಲ. ಆ ಉತ್ತರ ಕೊಟ್ಟರೆ, ಮಗು ಸತ್ತ ದುಃಖದ ಮೇಲೆ ತನ್ನ ಪಾಪದಿಂದಲೇ ಸತ್ತಿತೆಂಬ ಎರಡನೆಯ ದುಃಖವನ್ನು ನಾವೇ ಹೇರಿದಂತಾಗುತ್ತದೆ. ಅವಳು ಕೇಳಿದ್ದು ಸಿದ್ಧಾಂತದ ಪ್ರಶ್ನೆಯಲ್ಲ. ತನ್ನ ಕೂಗು ಯಾರಿಗಾದರೂ ಮುಟ್ಟುತ್ತದೆಯೆ ಎಂದು ಕೇಳುತ್ತಿದ್ದಾಳೆ. ಶಿವನ ಮೇಲೆ ಸಿಟ್ಟಾದವಳೂ ಶಿವನ ಜೊತೆಗೇ ಮಾತನಾಡುತ್ತಿದ್ದಾಳೆ. ಅದನ್ನು ನಾಸ್ತಿಕತೆಯೆಂದು ತಿಳಿಯಬೇಡಿರಿ. "ಹೌದವ್ವಾ, ಬಹಳ ದೊಡ್ಡ ನೋವು" ಎಂದಷ್ಟೇ ಹೇಳಿ ಬಳಿ ಕೂರಿರಿ. ಶಾಸ್ತ್ರ ಎಲ್ಲಿಯೂ ಹೋಗುವುದಿಲ್ಲ. ಮುಂದೆ ಎಂದಾದರೂ ಅವಳೇ ಕೇಳಿದಾಗ ಗ್ರಂಥ ಬಿಚ್ಚಿದರಾಯಿತು.

ಕರ್ಮದ ಹೆಸರು ಹೇಳಿದರೆ ಇನ್ನೊಂದು ಹಾನಿಯೂ ಇದೆ. ನಿಜವಾದ ಕಾರಣ ಮರೆಯಾಗುತ್ತದೆ. ಕಿಲ್ಲಾರಿಯಲ್ಲಿ ಜನ ಅಷ್ಟು ದೊಡ್ಡ ಸಂಖ್ಯೆಯಲ್ಲಿ ಸತ್ತದ್ದೇಕೆ? ಮಣ್ಣಿನ ಕೆಸರಿನಲ್ಲಿ ಕಲ್ಲು ಕೂಡಿಸಿ ಕಟ್ಟಿದ ದಪ್ಪ ಗೋಡೆಗಳು, ಅವುಗಳ ಮೇಲೆ ಭಾರವಾದ ಮಣ್ಣಿನ ಮಾಳಿಗೆ. ನೆಲ ನಡುಗಿದಾಗ ಅವು ಮಲಗಿದವರ ಮೇಲೆ ಬಿದ್ದವು. ಪಾಪಿಗಳ ಮನೆ, ಪುಣ್ಯವಂತರ ಮನೆ ಎಂಬ ಭೇದ ಅಲ್ಲಿರಲಿಲ್ಲ. ಗೋಡೆಯ ದೋಷವನ್ನು ಹಣೆಯ ಮೇಲೆ ಹಾಕಿದರೆ ಮತ್ತೆ ಅಂಥದೇ ಗೋಡೆ ಕಟ್ಟುತ್ತೇವೆ. ಹೊಳೆಯ ಪಾತ್ರದಲ್ಲಿ ಮನೆ ಕಟ್ಟುವುದಕ್ಕೂ ಇದೇ ಮಾತು.

ಸಂತೈಸುವ ಕೆಲಸದಲ್ಲಿ ನಮ್ಮ ಶರಣರು ಕೊಟ್ಟುಹೋದ ಒಂದು ದೊಡ್ಡ ಸಾಧನವಿದೆ, ಅದು ಕಾಯಕ. ಮನೆ ಕಳೆದುಕೊಂಡವನಿಗೆ ಮೂರು ಹೊತ್ತು ಉಣ್ಣಿಸಿ ಕೂರಿಸಿದರೆ ಮೊದಲ ಎರಡು ದಿವಸ ಅದು ಉಪಕಾರ. ಅನಂತರ ಅವನಿಗೆ ತಾನು ಭಿಕ್ಷುಕನಾದೆನೆಂಬ ಕೊರಗು ಹತ್ತುತ್ತದೆ. ನಿನ್ನೆಯವರೆಗೆ ನಾಲ್ಕು ಜನಕ್ಕೆ ಅನ್ನ ಹಾಕಿದ ಕೈ ಅದು. ದಣಿವು ಆರಿದ ಮೇಲೆ, ಅವನಿಗೆ ಮನಸ್ಸಿದ್ದರೆ, ಕೆಲಸ ಕೊಡಿರಿ. ರೊಟ್ಟಿ ಬಡಿಯುವ ತಾಯಿ ರೊಟ್ಟಿ ಬಡಿಯಲಿ. ಬಡಿಗ ಮುರಿದ ಬಾಗಿಲು ಜೋಡಿಸಲಿ. ಓದಿದ ಹುಡುಗಿ ಅರ್ಜಿ ಬರೆದುಕೊಡಲಿ. ತನ್ನ ಕೈಯಿಂದ ಇನ್ನೂ ಏನೋ ಆಗುತ್ತದೆ ಎಂದು ತಿಳಿದ ಗಳಿಗೆಯಲ್ಲಿ ಮನುಷ್ಯ ಅರ್ಧ ಎದ್ದು ನಿಂತಂತೆ. ದಾಸೋಹವೆಂದರೆ ಕೊಡುವವನು ಮೇಲೆ, ತೆಗೆದುಕೊಳ್ಳುವವನು ಕೆಳಗೆ ಎಂಬ ಭಾವ ಅಳಿಯುವುದು. ಬಂದವನನ್ನೂ ದಾಸೋಹಿಯನ್ನಾಗಿ ಮಾಡಿದಾಗ ಅದು ಪೂರ್ಣವಾಗುತ್ತದೆ.

ಬಹಳ ಜನ ತಮ್ಮವರ ಆಸರೆಯಿಂದಲೇ ಕಾಲಕ್ರಮದಲ್ಲಿ ಚೇತರಿಸಿಕೊಳ್ಳುತ್ತಾರೆ. ನಿದ್ದೆ ಬಾರದಿರುವುದು, ನೀರಿನ ಸಪ್ಪಳಕ್ಕೆ ಬೆಚ್ಚುವುದು ಮೊದಲ ದಿವಸಗಳಲ್ಲಿ ಸಹಜ, ಅದು ಹುಚ್ಚಲ್ಲ. ಆದರೆ ವಾರಗಳು ಕಳೆದರೂ ಊಟ ನಿದ್ದೆ ಸರಿಹೋಗದಿದ್ದರೆ, ಕುಡಿತಕ್ಕೆ ಬಿದ್ದರೆ, ಕೆಲಸಕ್ಕೆ ಏಳಲಾರದಿದ್ದರೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಬದುಕಿ ಏನು ಫಲ ಎಂಬ ಮಾತು ಬಂದರಂತೂ ಒಂದು ದಿವಸವನ್ನೂ ಕಾಯಬೇಡಿರಿ. ಅವರನ್ನು ಒಂಟಿಯಾಗಿ ಬಿಡಬೇಡಿರಿ, ಮನೆಯಲ್ಲಿರುವ ಕ್ರಿಮಿನಾಶಕದ ಡಬ್ಬಿಯನ್ನು ಕೈಗೆ ಸಿಗದಂತೆ ಮಾಡಿರಿ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು, ಸಂಖ್ಯೆ 14416. ಹಗಲು ರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಮಠಕ್ಕೆ ಬಂದು ವಿಭೂತಿ ಧರಿಸಿರಿ, ಪ್ರಸಾದ ತೆಗೆದುಕೊಳ್ಳಿರಿ. ಅದರ ಜೊತೆಗೆ ಔಷಧವನ್ನೂ ತೆಗೆದುಕೊಳ್ಳಿರಿ. ಕಾಲು ಮುರಿದರೆ ನಾಚದೆ ಆಸ್ಪತ್ರೆಗೆ ಹೋಗುವವರು ಮನಸ್ಸು ಮುರಿದಾಗ ನಾಚುವುದೇಕೆ?

ಸೇವೆ ಮಾಡುವ ತರುಣರೇ, ನಿಮಗೂ ಒಂದು ಮಾತು. ನೀವು ಕಲ್ಲಲ್ಲ. ದಿನವಿಡೀ ಪರರ ಅಳು ಕೇಳಿದವನ ಎದೆಯಲ್ಲಿ ಅದರ ತೇವ ಉಳಿಯುತ್ತದೆ. ಪಾಳಿ ಹಾಕಿಕೊಂಡು ದುಡಿಯಿರಿ. ಹೊತ್ತಿಗೆ ಸರಿಯಾಗಿ ಉಣ್ಣಿರಿ, ಮಲಗಿರಿ. ರಾತ್ರಿ ನಾಲ್ಕು ಜನ ಕೂಡಿ ಕುಳಿತು ಮನಸ್ಸು ಹಗುರ ಮಾಡಿಕೊಳ್ಳಿರಿ. ಎಣ್ಣೆ ತೀರಿದ ದೀಪ ಯಾರಿಗೆ ಬೆಳಕು ಕೊಟ್ಟೀತು?

ಕೊನೆಯದಾಗಿ, ನೀರು ಇಳಿದ ಮೇಲಿನ ಕೆಲಸವನ್ನು ಹೇಳಿ ಮುಗಿಸುತ್ತೇವೆ. ಮೊದಲ ವಾರ ಲಾರಿಗಳ ಸಾಲು, ಮಂತ್ರಿಗಳ ಕಾರು, ಪತ್ರಿಕೆಯವರ ಸಂದಣಿ. ಮೂರನೆಯ ತಿಂಗಳಿಗೆ ಯಾರೂ ಇರುವುದಿಲ್ಲ. ಗೋಡೆಯ ಮೇಲೆ ನೀರು ನಿಂತ ಗೆರೆ ಇರುತ್ತದೆ, ಬಿತ್ತಲು ಬೀಜವಿರುವುದಿಲ್ಲ, ಮೊದಲ ಹಬ್ಬಕ್ಕೆ ಮನೆಯಲ್ಲಿ ಒಬ್ಬರು ಕಡಿಮೆ ಇರುತ್ತಾರೆ. ಆಗ ಹೋಗಿರಿ. ಈ ಊರಿನ ಪ್ರತಿಯೊಂದು ಮನೆಯವರೂ ಕಷ್ಟಕ್ಕೊಳಗಾದ ಒಂದು ಮನೆಯನ್ನು ತಮ್ಮದೆಂದು ಹಿಡಿಯಿರಿ. ತಿಂಗಳಿಗೊಮ್ಮೆ ಹೋಗಿ ಅವರ ಕಟ್ಟೆಯ ಮೇಲೆ ಅರ್ಧ ತಾಸು ಕುಳಿತು ಬನ್ನಿರಿ. ಕೈಯಲ್ಲಿ ಏನೂ ಇಲ್ಲದಿದ್ದರೂ ಚಿಂತೆಯಿಲ್ಲ. ನಾಳೆ ಪೂಜೆಯ ಹೊತ್ತಿಗೆ ಯಾರು ಯಾವ ಮನೆಗೆ ಹೋಗುವಿರಿ ಎಂಬುದನ್ನು ಮಠದ ಕಾರ್ಯಾಲಯದಲ್ಲಿ ಬರೆಯಿಸಿರಿ.

ನೊಂದವರ ಬಳಿ ಕೂರುವ ತಾಳ್ಮೆಯನ್ನೂ, ಕೂತಾಗ ಸುಮ್ಮನಿರುವ ವಿವೇಕವನ್ನೂ ಪರಶಿವನು ನಿಮಗೆಲ್ಲರಿಗೂ ಅನುಗ್ರಹಿಸಲಿ ಎಂದು ಹಾರೈಸಿ ನಮ್ಮ ಮಾತುಗಳಿಗೆ ವಿರಾಮ ಕೊಡುತ್ತೇವೆ.